ಚಕ್ರವರ್ತಿಗೆ ಕಲಾಯಿ

ಬಾಷಾಸಾಬನಿಗೆ ಈ ಲೋಕದಲ್ಲಿ ವೈರಿ ಎಂದರೆ ಒಂದೇ: ಕಿಲುಬು. ತಾಮ್ರ, ಹಿತ್ತಾಳೆಗಳ ಮೇಲೆ ಹಸಿರಾಗಿ ಕೂತು ಅನ್ನಕ್ಕೆ ವಿಷ ಬೆರೆಸುವ ಈ ದುಷ್ಟನನ್ನು ಅವನು ಹರೆಯದಿಂದಲೂ ನವಲಗುಂದದ ಓಣಿ ಓಣಿಗಳಲ್ಲಿ ಅಟ್ಟಾಡಿಸಿ ಹೊಡೆದಿದ್ದ. ಅವನು ತಿದಿ ಊದುತ್ತ ತವರದ ಕಲಾಯಿ ಹಾಕಲು ಕೂತನೆಂದರೆ ಅತ್ತ ಯಮನೂರಿನಿಂದ ಬಂದ ಬೋಗಾಣಿಗಳೂ ಒಳಗೆಲ್ಲ ಬೆಳ್ಳಿಯಂತಾಗಿ ಮನೆಗೆ ಮರಳುತ್ತಿದ್ದವು. ಆಮೇಲೆ ಅಡಿಗೆಮನೆಗಳಿಗೆ ಸ್ಟೀಲು ಬಂತು. ಸೋಲದೆಯೇ ಸೇನಾಪತಿ ನಿರುದ್ಯೋಗಿಯಾದ.

ಕಡೆಗೆ ಊರಿನ ಕಾಲೇಜೊಂದರ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಕಾವಲು ಕೆಲಸ ಸಿಕ್ಕಿತು. ಗಾಜು ಒರೆಸುವುದು, ಬೀಗ ಹಾಕುವುದು. ಕಿಟಕಿಯ ಬದಿಯ ಗಾಜಿನ ಪೆಟ್ಟಿಗೆಯಲ್ಲಿ ನೋಡುತ್ತಾನೆ, ಹಳೆಯ ವೈರಿ ಹಾಯಾಗಿ ಮಲಗಿದ್ದಾನೆ! ರೋಮ್ ದೇಶದ ಕಂಚಿನ ನಾಣ್ಯವೊಂದರ ಮೇಲೆ, ಯಾವನೋ ಚಕ್ರವರ್ತಿಯ ಮೂಗಿನಿಂದ ಕುತ್ತಿಗೆಯವರೆಗೆ. ಒರೆಸಲು ಹೋದಾಗಲೆಲ್ಲ ಬಾಷಾಸಾಬನ ಕೈ ತುರಿಸುತ್ತಿತ್ತು.

ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದವಳು ಇತಿಹಾಸದ ಉಪನ್ಯಾಸಕಿ ಸೀಮಾ. ನಾಣ್ಯದ ಅಂಚಿನ ಅಕ್ಷರಗಳನ್ನು ಓದಿ ಆ ಚಕ್ರವರ್ತಿ ಯಾರೆಂದು ಹೇಳಲು ಪುಣೆಯಿಂದ ಪಂಡಿತರೊಬ್ಬರು ಬರುತ್ತಾರೆ, ಎಲ್ಲ ಅಚ್ಚುಕಟ್ಟಾಗಿರಲಿ ಎಂದು ಆಕೆ ಹೇಳಿ ಹೋದಳು. ಬಾಷಾಸಾಬ ಯೋಚಿಸಿದ. ರಾಜನ ಮುಖದ ಕಿಲುಬು ಕಂಡರೆ ಪುಣೆಯವರು ನವಲಗುಂದದಲ್ಲಿ ಕಲಾಯಿಗಾರರೇ ಸತ್ತರೇ ಎನ್ನುವುದಿಲ್ಲವೇ?

ಮಧ್ಯಾಹ್ನ ಸಂಗ್ರಹಾಲಯದ ಹಿತ್ತಲಲ್ಲಿ ರಣರಂಗ ಸಜ್ಜಾಯಿತು. ಚಕ್ರವರ್ತಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ. ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಕಾಯಿಸಿದ. ತವರ ಹಿಡಿಯಲೆಂದು ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ, ಅರಳೆಯಿಂದ ಒಂದೇ ಸಮ ಒರೆಸಿದ. ಹೊಗೆ ಸರಿದಾಗ ಚಕ್ರವರ್ತಿಯ ಕೆನ್ನೆಯಲ್ಲಿ ಬಾಷಾಸಾಬನ ಮೀಸೆ ಕಾಣುತ್ತಿತ್ತು. ಕಲಾಯಿ ಸರಿ ಕೂತಿದೆ ಎನ್ನುವುದಕ್ಕೆ ಅವನ ಮನೆತನದಲ್ಲಿ ಅದೇ ಪರೀಕ್ಷೆ. ಅಂಚಿನ ಅಕ್ಷರಗಳು ಮಾತ್ರ ತವರದಡಿ ಸಮಾಧಿಯಾಗಿದ್ದವು.

ಮರುದಿನ ಸೀಮಾ ನಾಣ್ಯ ನೋಡಿ ಕುರ್ಚಿ ಹುಡುಕಿಕೊಂಡು ಕುಳಿತಳು. ಆ ಹಸಿರೇ ಅದರ ವಯಸ್ಸು, ಅದನ್ನು ಮುಟ್ಟಬಾರದಿತ್ತು ಎಂದು ಮೆಲ್ಲಗೆ ತಿಳಿಸಿದಳು. ವಿಷಯ ಪ್ರಾಚಾರ್ಯರಿಗೆ ತಿಳಿದರೆ ಅವನ ಕೆಲಸ ಹೋದ ಹಾಗೆಯೇ.

"ಕಾಕಾ, ಪಂಡಿತರು ಬರೂದ್ರಾಗ ಈ ಕಲಾಯಿ ತಾನ ಹೋಗ್ತೈತೇನ್ರಿ? ಹೋಗ್ತೈತಿ ಅಂದ್ರ ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ."

ಒಂದು 'ಹೂಂ' ಸಾಕಿತ್ತು. ಬಾಷಾಸಾಬ ಕೆಲಸವನ್ನು ನೆನೆದ, ಕಲಾಯಿಯನ್ನು ನೆನೆದ, ನೆಟ್ಟಗೆ ನಿಂತ.

"ಹೋಗೂದಿಲ್ರಿ ಬಾಯಾರ. ಹತ್ತ ವರ್ಷ ಜಗ್ಗೂದಿಲ್ಲ. ಹಾಕಿದಾಂವ ನಾನದೀನಿ."

ಸೀಮಾ ಬೇರೆ ದಾರಿಯಿಲ್ಲದೆ ಪ್ರಾಚಾರ್ಯರಿಗೆ ಹೇಳಿದಳು. ಆಕೆ ಬೇಡಿಕೊಂಡಿದ್ದರಿಂದ ಕೆಲಸ ಉಳಿಯಿತು. ಆದರೆ ಕೀಲಿ ಕಸಿದುಕೊಂಡು ಅವನನ್ನು ಹೊರಗೇಟಿಗೆ ಹಾಕಿದರು. ಅಲ್ಲಿ ಒರೆಸುವುದಕ್ಕೆ ಏನೂ ಇರಲಿಲ್ಲ. ಗೇಟಿಗೆ ಬಣ್ಣ ಹಚ್ಚಿತ್ತು.

ಮನೆಗೆ ಬಂದು ಹೆಂಡತಿ ಜುಲೇಖಾಬಿಗೆ ನಡೆದದ್ದನ್ನೆಲ್ಲ ಎದೆ ಸೆಟೆಸಿಯೇ ಹೇಳಿದ. ಆಕೆ ಚಹಾ ಸೋಸುತ್ತ ಕೇಳಿದಳು:

"ನಮ್ಮ ಬಿರ್ಯಾನಿ ಬೋಗಾಣಿ ಕಲಾಯಿ ಎರಡ ವರ್ಷಕ್ಕ ಹೋತಲ್ಲ, ಅದನ್ನ ಯಾವ ಪುಣ್ಯಾತ್ಮ ಹಾಕಿದ್ದ?"

ಚಹಾ ತುಸು ಬಿಸಿಯಿತ್ತು. ಬಾಷಾಸಾಬ ಬಹಳ ಹೊತ್ತು ಊದಿದ.