ತೊಗರಿಕಾಳಿನಷ್ಟು ಮಾಜೂನು

ಮೊನ್ನೆ ಮೊಮ್ಮಗಳು ಒಂದು ಸಣ್ಣ ಕಂದು ಬಾಟಲಿಯ ಮುಚ್ಚಳ ತೆಗೆದಳು. ಹಸಿ ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿದಂಥ ವಾಸನೆ ಬಂತು. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ; ಕೆಲವು ದಿನಗಳಿಂದ ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುತ್ತದೆ, ಊಟ ಸೇರುವುದಿಲ್ಲ. ವೈದ್ಯರು ಭಂಗಿ ಸೊಪ್ಪಿನ ಎಣ್ಣೆ ಬರೆದುಕೊಟ್ಟಿದ್ದಾರಂತೆ. "ಹೊಸಾ ಔಷಧ ಆಯಿ" ಎಂದಳು.

"ಹೊಸಾದಲ್ಲ ಬೇ. ನಾ ಈ ಮನಿಗಿ ಸೊಸಿಯಾಗಿ ಬಂದ ಹೊಸದ್ರಾಗೇ ತಿಂದೀನಿ" ಎಂದೆ. ಆಗ ಅವಳ ಮುಖ ನೋಡಬೇಕಿತ್ತು!

ಆ ವಾಸನೆ ನಮ್ಮ ಹಕೀಮಸಾಬರದು. ಆಳಂದದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಅವರ ದವಾಖಾನೆ ಇತ್ತು. ಗಡ್ಡಕ್ಕೆ ಮೆಹಂದಿ, ತಲೆಗೆ ಸದಾ ಇಸ್ತ್ರಿ ಮಾಡಿದ ಟೋಪಿ. ಭಾರಿ ಗತ್ತಿನ ಮನುಷ್ಯ. ನಮ್ಮ ಬೆಲ್ಲದ ಚಹಾ ಅವರಿಗೆ ಎಂದೂ ಹಿಡಿಸಲಿಲ್ಲ, ಆದರೆ ಎಂದೂ ಲೋಟದಲ್ಲಿ ಒಂದು ಹನಿ ಉಳಿಸಲೂ ಇಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷ ಅದು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ನಿಜಾಮರ ಪರವಾಗಿ ಹತಾರ ಹಿಡಿದ ಗುಂಪುಗಳು ಊರೂರು ತಿರುಗುತ್ತಿದ್ದವು. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಭಾರತದ ಧ್ವಜ ಹಾರಿಸಿದವರ ಜೊತೆ ಸೇರಿ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿಬಿಟ್ಟಿದ್ದರು. ಇದ್ದಾರೋ ಇಲ್ಲವೋ ಎಂಬ ಸುದ್ದಿಯೂ ಇರಲಿಲ್ಲ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗೆ ಈ ಮನೆಯಲ್ಲಿ ಬದುಕುವುದನ್ನು ಕಲಿಸಿದವಳೇ ಅವಳು. ಭಾವ ಹೋದ ಮೇಲೆ ಅವಳಿಗೆ ಏನೋ ಆಯಿತು. ತಲೆಬಾಗಿಲ ಹತ್ತಿರ ಕೂತು ಅಗಳಿ ಹಾಕಿದೆಯೋ ಇಲ್ಲವೋ ಎಂದು ಮುಟ್ಟಿಮುಟ್ಟಿ ನೋಡುವಳು. ರೊಟ್ಟಿ ಮುಂದಿಟ್ಟರೆ ಅದರ ಮೇಲೆ ನೊಣ ಕೂತರೂ ಓಡಿಸುತ್ತಿರಲಿಲ್ಲ. ತಾಯಿತ ಕಟ್ಟಿಸಿದರು, ವಿಭೂತಿ ಹಚ್ಚಿದರು... ಏನೂ ಆಗಲಿಲ್ಲ.

ಆಗ ಅಫಜಲಪುರದಿಂದ ಮಾವನ ತಮ್ಮ, ನಮ್ಮ ಕಾಕಾ, ಬಂದರು. ಎಲ್ಲರ ಮುಂದೆಯೇ ಹೇಳಿದರು: "ಇಕಿಗಿ ಹುಚ್ಚು ಹಿಡದದ. ಮುಂದಿನ ಸಲ ಬಂಡಿ ತರ್ತೀನಿ, ಜೇವರ್ಗಿಗಿ ತವರಮನಿಗಿ ಬಿಟ್ಟು ಬರೋಣು. ಹುಡುಗಗ ಬ್ಯಾರೆ ಹೆಣ್ಣು ನೋಡಿದ್ರಾಯ್ತು." ಹುಡುಗ ಜೀವಂತ ಇದ್ದಾನೋ ಗೊತ್ತಿಲ್ಲ, ಇವರು ಹೆಣ್ಣು ನೋಡಲು ಹೊರಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ. ನನಗೆ ಅವರ ರುಮಾಲು ಕಿತ್ತೆಸೆಯುವಷ್ಟು ಸಿಟ್ಟು ಬಂದಿತ್ತು. ತವರಿಗೆ ಹೀಗೆ ಹೋದವಳು ತಿರುಗಿ ಬರುವುದಿಲ್ಲ ಎಂಬುದು ಅಕ್ಕನಿಗೂ ಗೊತ್ತಿತ್ತು.

ಅತ್ತೆಯೇ ಹಕೀಮಸಾಬರನ್ನು ಕರೆಸಿದರು. ಅವರು ಪಡಸಾಲೆಯಲ್ಲಿ ಕೂತು ಅಕ್ಕನ ನಾಡಿ ಹಿಡಿದು ನೋಡಿದರು.

"ಹುಚ್ಚಲ್ರಿ ಅವ್ವಾ, ಭೂತನೂ ಅಲ್ಲ. ಜೀವಕ್ಕ ಅಂಜಿಕಿ ಹೊಕ್ಕದ" ಎಂದರು. ಸಂಜೆ ಒಂದು ಚಿಕ್ಕ ಜಾಡಿಯ ತುಂಬ ಮಾಜೂನು ತಂದುಕೊಟ್ಟರು. ತುಪ್ಪ, ಬೆಲ್ಲ, ಯಾಲಕ್ಕಿ ಹಾಕಿ ಗಟ್ಟಿ ಮಾಡಿದ ಹಸಿರು ಲೇಹ್ಯ. ಅದರಲ್ಲಿ ಭಂಗಿ ಸೊಪ್ಪಿದೆ ಎಂದು ಮುಚ್ಚಿಡದೆ ಹೇಳಿದರು.

ಅತ್ತೆ ಹೌಹಾರಿದರು. "ಲಿಂಗ ಕಟ್ಟಿದ ಮನಿರಿ ಇದು! ನಶಾ ಪದಾರ್ಥ ಹೊಸ್ತಿಲಾ ದಾಟಂಗಿಲ್ಲ."

"ನಶಾಕ್ಕ ತಿನ್ನೋದು ಬ್ಯಾರೆ, ದವಾಕ್ಕ ತಿನ್ನೋದು ಬ್ಯಾರೆ. ದಿನಾ ತೊಗರಿಕಾಳಿನಷ್ಟು, ಸಾಕು. ಹೆಚ್ಚಾದ್ರ ಇದೇ ಅಂಜಿಕಿ ಹುಟ್ಟಸ್ತದ, ಖಬರದಾರ" ಎಂದು ಹೇಳಿ ಹೋದರು.

ಅತ್ತೆ ಯೋಚಿಸಿ ಯೋಚಿಸಿ ಒಂದು ದಾರಿ ಹುಡುಕಿದರು. ಮರುದಿನ ಪೂಜೆಯ ಹೊತ್ತಿನಲ್ಲಿ ಜಾಡಿಯಲ್ಲಿದ್ದುದನ್ನೆಲ್ಲ ತಾಟಿಗೆ ಸುರಿದು ಲಿಂಗಕ್ಕೆ ತೋರಿಸಿಬಿಟ್ಟರು. ಲಿಂಗಕ್ಕೆ ಅರ್ಪಿಸಿದ್ದು ಪ್ರಸಾದ, ಪ್ರಸಾದಕ್ಕೆ ದೋಷವಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಪ್ರಸಾದವನ್ನು ಒಬ್ಬರೇ ತಿನ್ನುವಂತಿಲ್ಲ, ತಾಟಿನಲ್ಲಿ ಉಳಿಸುವಂತಿಲ್ಲ, ಚೆಲ್ಲುವಂತೂ ಇಲ್ಲ. ನಮ್ಮ ಮನೆಯಲ್ಲಿ ತಾಟು ತೊಳೆದ ನೀರನ್ನೂ ಕುಡಿಯುವ ಪದ್ಧತಿ. ಮಾವ ತಾಟು ನೋಡಿ, "ಪ್ರಸಾದ ಆದಮ್ಯಾಲ ಮುಗಿತು, ಎಲ್ಲಾರೂ ಕೂಡ್ರಿ" ಎಂದರು. ನಾವು ಕೂತು ಹಂಚಿಕೊಂಡು ತಿಂದೆವು. ಸಿಹಿಯಾಗಿತ್ತು. ನಾನಂತೂ ಬೆರಳು ನೆಕ್ಕಿದೆ. ಅಕ್ಕ ಮಾತ್ರ ನುಂಗಲಾರದೆ ಒಂದು ಕಾಳಿನಷ್ಟು ಬಾಯಿಗೆ ಹಾಕಿಕೊಂಡಳು.

ಊಟವಾಗಿ ಸ್ವಲ್ಪ ಹೊತ್ತಿಗೆ ಶುರುವಾಯಿತು. ಎಂದೂ ನಗದ ಅತ್ತೆ ರೊಟ್ಟಿ ಬಡಿಯುವ ಮರದ ಕೊಣಮಿಗೆಯನ್ನು ನೋಡಿ ಬಿದ್ದುಬಿದ್ದು ನಕ್ಕರು. ಮಾವ ದನದ ಕೊಟ್ಟಿಗೆಗೆ ಹೋಗಿ ಎತ್ತಿನ ಕೊರಳು ತಬ್ಬಿ, "ನಿನಗ ಭಾಳ ಹೊಡದೀನಿ, ತಪ್ಪಾಯ್ತಪ್ಪಾ" ಎಂದು ಅಳುತ್ತಿದ್ದರು. ನನ್ನ ಗಂಡ ಕಂಬಕ್ಕೆ ಒರಗಿದವರು ಕಣ್ಣೇ ತೆರೆಯಲಿಲ್ಲ. ನನಗೋ ಕಾಲುಗಳು ನನ್ನವೇ ಅಲ್ಲ ಅನಿಸಿ, ಎದೆ ಹೊಡೆದುಕೊಂಡು, ಸತ್ತೇ ಹೋಗುತ್ತೇನೆ ಎಂಬ ಭಯ ಬಂತು.

ಮನೆಯಲ್ಲಿ ನೆಟ್ಟಗಿದ್ದವಳು ಅಕ್ಕ ಒಬ್ಬಳೇ. ನಮ್ಮನ್ನೆಲ್ಲ ಒಂದು ಸಲ ನೋಡಿದಳು. ನನ್ನ ಬಾಯಿಗೆ ನೀರು ಹಿಡಿದಳು. ಆಮೇಲೆ, ಇಷ್ಟು ದಿನ ಕಾವಲು ಕೂತಿದ್ದ ಆ ಬಾಗಿಲಿನ ಅಗಳಿ ತಾನೇ ತೆಗೆದು, ಸೆರಗು ಹೊದ್ದು ಓಣಿಗೆ ನಡೆದಳು.

ಹಕೀಮಸಾಬರು ಬಂದು ಹಣೆ ಹಣೆ ಬಡಿದುಕೊಂಡರು. "ತಿಂಗಳ ದವಾ ಒಂದ ತಾಟಿನ್ಯಾಗ ತಿಂದೀರಲ್ರಿ! ಮಲಗ್ರಿ ಎಲ್ಲಾರೂ. ಯಾರೂ ಸಾಯಂಗಿಲ್ಲ, ನಿದ್ದಿ ಮಾಡಿದ್ರ ಇಳೀತದ." ಅಷ್ಟು ಬೈದರೂ ನಾವು ಏಳುವವರೆಗೆ ಕಟ್ಟೆಯ ಮೇಲೆಯೇ ಕೂತಿದ್ದರು. ಅಕ್ಕ ಚಹಾ ಮಾಡಿಕೊಟ್ಟಳಂತೆ.

ಅಷ್ಟಕ್ಕೇ ಅಕ್ಕ ಗುಣವಾದಳು ಅಂದರೆ ಸುಳ್ಳಾಗುತ್ತದೆ. ಎರಡು ದಿನಕ್ಕೆ ಮತ್ತೆ ಬಾಗಿಲ ಹತ್ತಿರವೇ ಕೂತಳು. ಆದರೆ ಹಕೀಮಸಾಬರಿಗೆ ಈಗ ನಮ್ಮ ಮನೆಯ ಪದ್ಧತಿ ತಿಳಿದಿತ್ತು. ಇನ್ನು ಜಾಡಿ ಕೊಡಲಿಲ್ಲ. ದಿನಾ ಮುಂಜಾನೆ ಎಲೆಯಲ್ಲಿ ಒಂದೇ ಕಾಳಿನಷ್ಟು ಸುತ್ತಿ ತಾವೇ ತರುತ್ತಿದ್ದರು. ಅಕ್ಕ ಅದನ್ನು ಲಿಂಗಕ್ಕೆ ತೋರಿಸಿ ತಿನ್ನುವಳು. ಒಂದೇ ಕಾಳು, ಹಂಚಲು ಬರುವುದಿಲ್ಲ, ಉಳಿಯುವುದೂ ಇಲ್ಲ. ಹಕೀಮಸಾಬರು ಕಟ್ಟೆಯ ಮೇಲೆ ಕೂತು ಚಹಾ ಬೈಯುತ್ತ ಏನೇನೋ ಹರಟುವರು. ಅವರ ಮೇಕೆ, ಅವರ ಮಂಡಿನೋವು, ಅವರ ಅಳಿಯನ ಸೋಮಾರಿತನ... ಅಕ್ಕ ಮೊದಮೊದಲು ಕೇಳುತ್ತಿದ್ದಳು, ಆಮೇಲೆ ಉತ್ತರ ಕೊಡತೊಡಗಿದಳು. ಒಂದು ದಿನ ಅರ್ಧ ರೊಟ್ಟಿ ತಿಂದಳು. ಕಾಕಾ ಬಂಡಿ ಕಟ್ಟಿಕೊಂಡು ಬಂದ ದಿನ ಅವರ ತಾಟಿಗೆ ಪುಂಡಿಪಲ್ಲೆ ಬಡಿಸಿದವಳು ಅವಳೇ. ಕಾಕಾ ಉಂಡರು, ಕೈ ತೊಳೆದರು, ಖಾಲಿ ಬಂಡಿ ಹೊಡೆದುಕೊಂಡು ಹೋದರು.

ಮಳೆಗಾಲದ ಕೊನೆಗೆ ಭಾರತದ ಫೌಜು ಬಂತು. ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದರು. ನಮ್ಮ ಅಂಜಿಕೆ ಮುಗಿಯಿತು, ಹಕೀಮಸಾಬರ ಓಣಿಯಲ್ಲಿ ಶುರುವಾಯಿತು. ಈಗ ಹತಾರ ಬೇರೆಯವರ ಕೈಯಲ್ಲಿತ್ತು, ಅಷ್ಟೇ.

ಅವರು ಕೊನೆಯ ಸಲ ಬಂದಾಗ ತಲೆಯ ಮೇಲೆ ಟೋಪಿ ಇರಲಿಲ್ಲ. ಎಲೆಯಲ್ಲಿ ಒಂದಲ್ಲ, ಏಳೆಂಟು ಕಾಳು ಇದ್ದವು. ಕೊಡುವಾಗ ಅವರ ಕಣ್ಣು ಮತ್ತೆ ಮತ್ತೆ ತಲೆಬಾಗಿಲಿನ ಅಗಳಿಯ ಕಡೆಗೇ ಹೋಗುತ್ತಿತ್ತು. ನಾಡಿ ಹಿಡಿಯಲು ಬಾರದಿದ್ದರೂ ಅಕ್ಕನಿಗೆ ಅದು ಏನೆಂದು ಗೊತ್ತಾಯಿತು.

"ಒಂದು ನೀವು ತಗೋರಿ ಹಕೀಮಸಾಬ" ಎಂದಳು.

ಅವರು ನಗಲು ನೋಡಿದರು. "ಈ ಅಂಜಿಕಿಗಿ ಇದು ಸಾಲಂಗಿಲ್ಲ ಬೇಟಿ. ಇದು ಖರೇ ಅಂಜಿಕಿ."

"ಹಂಗಾರ ಇಲ್ಲೇ ಇರ್ರಿ. ಒಳಗ ಕಾಳಿನ ಕೋಣಿ ಖಾಲಿ ಅದ." ಅತ್ತೆಯೂ ಮುಂದೆ ಬಂದು, "ಹೌದ್ರಿ, ಬರ್ರಿ ಒಳಗ" ಎಂದರು. ನಶೆ ಹೊಸ್ತಿಲು ದಾಟಬಾರದು ಎಂದಿದ್ದ ಅತ್ತೆ!

"ಮನ್ಯಾಗ ಮಕ್ಕಳು ಅದಾವ್ರಿ" ಎಂದು ಅವರು ಹೊರಟುಬಿಟ್ಟರು. ಚಹಾ ಕುಡಿಯಲಿಲ್ಲ.

ಎರಡು ದಿನದ ಮೇಲೆ ಅಕ್ಕ ಹೋಗಿ ನೋಡಿ ಬಂದಳು. ಮನೆ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮೇಕೆ ಗೂಟದಲ್ಲೇ ಇತ್ತು. ಅದನ್ನು ಹೊಡೆದುಕೊಂಡು ಬಂದಳು. ಗುಲಬರ್ಗಾಕ್ಕೆ ಹೋದರೆಂದು ಒಬ್ಬರು ಹೇಳಿದರು, ಊರೇ ದಾಟಲಿಲ್ಲವೆಂದು ಇನ್ನೊಬ್ಬರು... ಯಾವುದು ನಿಜವೋ.

ಆ ಏಳೆಂಟು ಕಾಳನ್ನು ಅಕ್ಕ ಲಿಂಗಕ್ಕೆ ತೋರಿಸಲಿಲ್ಲ. ತೋರಿಸಿದ್ದರೆ ತಿಂದು ಮುಗಿಸಬೇಕಾಗುತ್ತಿತ್ತು. ಭಾವ ತಿರುಗಿ ಬಂದರು, ಅಕ್ಕನಿಗೆ ಮಕ್ಕಳಾದವು. ಗೋಡೆಯ ಗೂಡಿನಲ್ಲಿಟ್ಟ ಎಲೆ ಅಲ್ಲೇ ಒಣಗಿ ಪುಡಿಯಾಯಿತು.

"ಆ ದವಾದಿಂದಾನೇ ಅವರಿಗೆ ಆರಾಮಾಯ್ತೇನು ಆಯಿ?" ಎಂದು ಮೊಮ್ಮಗಳು ಕೇಳಿದಳು. ನನಗೆ ಗೊತ್ತಿಲ್ಲ, ನಿನ್ನ ವೈದ್ಯರನ್ನೇ ಕೇಳು, ಅವರು ಹೇಳಿದ್ದಕ್ಕಿಂತ ಒಂದು ಹನಿಯೂ ಹೆಚ್ಚು ಬೇಡ ಎಂದೆ. ಅಕ್ಕ ಹೋಗಿ ಬಹಳ ವರ್ಷವಾಯಿತು. ಹಿಂದಿನ ಓಣಿಯಲ್ಲಿ ಈಗ ಸಾಲಾಗಿ ಅಂಗಡಿಗಳು. ಆ ದವಾಖಾನೆಯ ಬಾಗಿಲು ಯಾವ ಜಾಗದಲ್ಲಿತ್ತೆಂದು ನನಗೇ ಗುರುತು ಸಿಗುವುದಿಲ್ಲ. ಹಕೀಮಸಾಬರು ಹೇಗಿದ್ದರು ಎಂದು ಹೇಳಬಲ್ಲವಳು ಈ ಊರಿನಲ್ಲಿ ಈಗ ನಾನೊಬ್ಬಳೇ. ಅವರು ಎಲ್ಲಿ ಸತ್ತರೆಂದು ನನಗೂ ಗೊತ್ತಿಲ್ಲ.