ಹನ್ನೆರಡರ ತನಕ ಒಂದು ನಮೂನಿ

ಪೀಣ್ಯದ ಮಸಾಲೆಪುಡಿ ಕಾರ್ಖಾನೆಯೊಂದರ ಕಂಪ್ಯೂಟರ್‌ಗಳನ್ನು ನಾನು ಕೆಲವು ವರ್ಷ ನೋಡಿಕೊಳ್ಳುತ್ತಿದ್ದೆ. ಒಂದು ಜುಲೈ ಒಂಬತ್ತರಂದು ಅಲ್ಲಿನ ಪ್ಯಾಕಿಂಗ್ ವಿಭಾಗಕ್ಕೆ ಹೊಸ ಕಂಪ್ಯೂಟರ್ ಹಾಕಿದೆ. ಪೊಟ್ಟಣ ತುಂಬಿದ ತಾರೀಖನ್ನು ಚೀಟಿಯ ಮೇಲೆ ಮುದ್ರಿಸುವುದಷ್ಟೇ ಅದರ ಕೆಲಸ. ಯಾವ ದೇಶ, ಯಾವ ಭಾಷೆ ಎಂದು ಅದು ಕೇಳಿದಾಗ, ಮೊದಲೇ ಆಯ್ಕೆಯಾಗಿದ್ದ ಅಮೆರಿಕವನ್ನು ಹಾಗೇ ಬಿಟ್ಟು 'ನೆಕ್ಸ್ಟ್' ಒತ್ತಿದೆ. ಎಲ್ಲ ಕಡೆಯೂ ಹಾಗೇ ಮಾಡುತ್ತಿದ್ದೆ. ಮಧ್ಯಾಹ್ನ ವೈಟ್‌ಫೀಲ್ಡ್‌ನಲ್ಲಿ ಇನ್ನೊಂದು ಕೆಲಸವಿತ್ತು, ಊರಿನ ಆ ತುದಿ ತಲುಪಬೇಕಿತ್ತು.

ಐದು ದಿನ ಬಿಟ್ಟು ಪ್ರಿಂಟರ್‌ನ ರಿಬ್ಬನ್ ಬದಲಿಸಲು ಹೋದಾಗ, ಚೀಟಿ ಅಂಟಿಸುವ ಹೆಂಗಸೊಬ್ಬರು ಬಳಿಗೆ ಬಂದರು. ಯಾದಗಿರಿ ಕಡೆಯವರು, ನಲವತ್ತರ ಆಸುಪಾಸು.

"ಸರ್, ಇದು ಹನ್ನೆರಡ್ರ ತನಕ ಒಂದು ನಮೂನಿ ಬರೀತೈತ್ರಿ, ಹದಿಮೂರಕ್ಕ ಇನ್ನೊಂದು ನಮೂನಿ."

ನನಗೆ ಅರ್ಥವಾಗಲಿಲ್ಲ. ಆಕೆ ಜೇಬಿನಿಂದ ಐದು ಚೀಟಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಜುಲೈ ಹನ್ನೆರಡರ ಚೀಟಿಯಲ್ಲಿ ಮೊದಲು ಏಳು, ಆಮೇಲೆ ಹನ್ನೆರಡು. ಅಂದರೆ ನಮ್ಮ ಓದಿಗೆ ಡಿಸೆಂಬರ್ ಏಳು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಮೇಲ್ವಿಚಾರಕ ನಮ್ಮ ರೂಢಿಯಂತೆ ದಿನ ಮೊದಲು ಒತ್ತಿದ ಹನ್ನೆರಡನ್ನು ಕಂಪ್ಯೂಟರ್ ತಿಂಗಳೆಂದು ಓದಿಕೊಂಡು, ದಿನ ಮೊದಲು ಬರಬೇಕಾದ ಚೀಟಿಯಲ್ಲಿ ಹಿಂದುಮುಂದಾಗಿ ಮುದ್ರಿಸಿತ್ತು. ಹದಿಮೂರನೇ ತಿಂಗಳು ಎಲ್ಲೂ ಇಲ್ಲವಾದ್ದರಿಂದ ಮರುದಿನದ್ದನ್ನು ಇದ್ದ ಹಾಗೇ ಮುದ್ರಿಸಿತ್ತು.

ಆಕೆ ಹತ್ತನೇ ತಾರೀಖೇ ಮೇಲ್ವಿಚಾರಕನಿಗೆ ಹೇಳಿದ್ದರಂತೆ. ಆತ ಪಕ್ಕದಲ್ಲೇ ನಿಂತಿದ್ದ. "ನಿನ್ನೆಯಿಂದ ಸರಿ ಬರ್ತಿದೆ ಸಾರ್. ಅದೇ ಅಡ್ಜಸ್ಟ್ ಆಗ್ಬಿಡ್ತು," ಎಂದ.

"ಒಂದನೇ ತಾರೀಖಿಗೆ ಮತ್ತ ಕೆಡ್ತೈತಿ ನೋಡ್ರಿ," ಎಂದರು ಆಕೆ.

ದೇಶವನ್ನು ಭಾರತಕ್ಕೆ ಬದಲಿಸಿದೆ. ಎರಡು ನಿಮಿಷದ ಕೆಲಸ.

ಲಾರಿ ಇನ್ನೂ ಬಂದಿರಲಿಲ್ಲ. ನಾಲ್ಕು ದಿನದ ಪೆಟ್ಟಿಗೆಗಳು ಗೋದಾಮಿನಲ್ಲೇ ಇದ್ದವು. ಅವನ್ನೆಲ್ಲ ಬಿಚ್ಚಿ, ಹಳೆಯ ಚೀಟಿ ಕೆರೆದು, ಹೊಸದು ಅಂಟಿಸಲು ಎರಡು ದಿನ ಹಿಡಿಯಿತು. ನಾನೂ ಹೋಗಿ ಕೂತೆ. ಖಾರದ ಘಾಟಿಗೆ ಸೀನುತ್ತಿದ್ದ ನನ್ನನ್ನು ನೋಡಿ ಹೆಂಗಸರು ನಗುತ್ತಿದ್ದರು. ತಪ್ಪು ನನ್ನದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

"ನಿಮ್ಗೆ ಹೇಗೆ ಗೊತ್ತಾಯ್ತು?" ಎಂದು ಆಕೆಯನ್ನು ಕೇಳಿದೆ.

"ಇಂಗ್ಲಿಷ್ ಅಕ್ಷರ ಬರಂಗಿಲ್ರಿ. ಹಂಗಾಗಿ ಅಂಕಿ ಅಷ್ಟ ನೋಡ್ತೀನಿ." ಕೈಯಲ್ಲಿದ್ದ ಚೀಟಿ ಕೆರೆದು ಮುಗಿಸಿ, "ಅದರೊಳಗ ಕನ್ನಡ ಬರಂಗಿಲ್ಲೇನ್ರಿ?" ಎಂದರು.

ಬರುತ್ತಿತ್ತು. ನಾನು ಹಾಕಿಕೊಟ್ಟ ಯಾವ ಕಂಪ್ಯೂಟರ್‌ನಲ್ಲೂ ಅಲ್ಲಿಯವರೆಗೆ ಯಾರೂ ಕನ್ನಡ ಕೇಳಿರಲಿಲ್ಲ. ಪರದೆಯನ್ನು ಕನ್ನಡಕ್ಕೆ ಬದಲಿಸಿದೆ. ಆಕೆ ಎದ್ದು ಬಂದು, ಕೈ ಒರೆಸಿಕೊಂಡು, ಪರದೆಯಲ್ಲಿದ್ದ ಪದಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. 'ಮುದ್ರಿಸಿ', 'ಉಳಿಸಿ'. 'ರದ್ದುಗೊಳಿಸಿ' ಎಂಬಲ್ಲಿ ನಿಂತು, "ಬ್ಯಾಡ ಅಂತ ಬರೆದಿದ್ರ ಸಾಕಿತ್ತು," ಎಂದರು.

ಮ್ಯಾನೇಜರ್‌ಗೆ ಕೊಟ್ಟ ವರದಿಯಲ್ಲಿ 'ಕಾರಣ: ಪ್ರೋಗ್ರಾಂನ ದೋಷ' ಎಂದು ಬರೆದೆ. ಅದು ಸುಳ್ಳು, ಪ್ರೋಗ್ರಾಂ ನಾನು ಹೇಳಿದಂತೆ ನಡೆದುಕೊಂಡಿತ್ತು. ಪತ್ತೆಹಚ್ಚಿದವರು ಯಾರೆಂಬ ಸಾಲಿನಲ್ಲಿ ಮಾತ್ರ ಆಕೆಯ ಹೆಸರನ್ನು ಬರೆದೆ. ಮುಂದಿನ ತಿಂಗಳು ಆಕೆಯನ್ನು ಅಂಟಿಸುವ ಮೇಜಿನಿಂದ ಕಂಪ್ಯೂಟರ್‌ನ ಕುರ್ಚಿಗೆ ಹಾಕಿದರು. ಪರದೆಯ ಇಂಗ್ಲಿಷ್ ಗುಂಡಿಗಳಷ್ಟೇ ರೂಢಿಯಿದ್ದ ಮೇಲ್ವಿಚಾರಕ, ಚೀಟಿ ಬೇಕಾದಾಗಲೆಲ್ಲ ಆಕೆ ಊಟ ಮುಗಿಸಿ ಬರುವವರೆಗೆ ಕಾಯುತ್ತಿದ್ದ.