ಅತ್ತೆಯ ಸೊಟ್ಟ ಬೆರಳು

ಸೊಟ್ಟಗಿದ್ದದ್ದು ಅತ್ತೆಯ ಬಲಗೈ ತೋರುಬೆರಳೆಂದು ನಾನು ನಂಬಿದ್ದೇನೆ. ಎಡಗೈಯದೆಂದು ನನ್ನ ಗಂಡ ಹೇಳುತ್ತಾರೆ. ಆ ಬೆರಳಿನಿಂದಲೇ ಅವರು ನನ್ನ ಹಣೆಗೆ ಕುಂಕುಮ ಇಟ್ಟ ನೆನಪಿದೆ, ಹಾಗಾಗಿ ಬಲಗೈಯೇ ಇರಬೇಕು. ಆದರೆ ಆ ನೆನಪೂ ಮದುವೆಯ ಫೋಟೊ ನೋಡಿ ಹುಟ್ಟಿದ್ದಿರಬಹುದು. ಉಗುರಿನ ಕೆಳಗೆ ಹಲ್ಲು ಊರಿದ ಬಿಳಿ ಗೆರೆಯಿತ್ತು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ.

ಅದನ್ನು ನಾನು ಮೊದಲು ಕಂಡದ್ದು ಅಥಣಿಯ ನಮ್ಮ ತವರುಮನೆಯ ಹಿತ್ತಲಲ್ಲಿ. ಹೆಣ್ಣು ನೋಡಲು ಬಂದವರು ಒಳಗೆ ಅವಲಕ್ಕಿ ತಿನ್ನುತ್ತಿದ್ದಾಗ, ಅತ್ತೆ ಕೈ ತೊಳೆಯುವ ನೆಪದಲ್ಲಿ ನನ್ನನ್ನು ಕರೆದೊಯ್ದರು.

"ನೋಡವ್ವಾ, ಇದು ನನ್ನ ಮಗ ಕಚ್ಚಿದ್ದು. ಸಣ್ಣಾಂವಿದ್ದಾಗ ಮೊದಲನೇ ಸಲ ಫಿಟ್ಸ್ ಬಂತು, ನಾಲಿಗಿ ಕಡಕೊಂತಾನಂತ ಬಾಯಾಗ ಬೆರಳ ಇಟ್ಟೆ. ಇಡಬಾರದಂತ, ಡಾಕ್ಟರ್ ಆಮ್ಯಾಲ ಬೈದ್ರು. ಈಗ ಗುಳಿಗಿ ಮ್ಯಾಲ ಚಲೋ ಅದಾನ. ನಮ್ಮ ಮಂದಿಗೆ ಯಾರಿಗೂ ಹೇಳಿಲ್ಲ. ನೀ ತಿಳಕೊಂಡು ಹೂಂ ಅನ್ನು, ಇಲ್ಲಾ ಒಲ್ಲೆ ಅನ್ನು."

ನಾನು ಹೂಂ ಅಂದೆ.

ರಾಯಬಾಗದ ಹತ್ತಿರದ ಆ ಜೈನ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಕತ್ತಲಾದ ಮೇಲೆ ಅತ್ತೆ ನೀರನ್ನೂ ಮುಟ್ಟುತ್ತಿರಲಿಲ್ಲ. ಆದರೆ ಮಗ ಮಲಗುವ ಮುಂಚೆ, ಅರಿವೆಯಲ್ಲಿ ಸೋಸಿದ ನೀರು, ಗುಳಿಗೆ ಹಿಡಿದು ನಿಲ್ಲುತ್ತಿದ್ದವರೂ ಅವರೇ. "ವ್ರತ ನಂದು, ಫಿಟ್ಸ್ ಅಂವಂದು" ಎನ್ನುತ್ತಿದ್ದರು.

ಮೂರು ವರ್ಷವಾದರೂ ಮಕ್ಕಳಾಗಲಿಲ್ಲ. ನನ್ನ ತಪಾಸಣೆಗಳಲ್ಲಿ ತೊಂದರೆ ಕಾಣಲಿಲ್ಲ. "ಇನ್ನ ನಿಂದು ಮಾಡಿಸು" ಎಂದು ಮಗನನ್ನು ನಿಪ್ಪಾಣಿಗೆ ಹೊರಡಿಸಿದರು ಅತ್ತೆ. ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ಕಡಿಮೆ ಇದ್ದವು. ಫಿಟ್ಸಿನ ಕೆಲವು ಗುಳಿಗೆಗಳಿಂದ ಕೆಲವರಿಗೆ ಹೀಗಾಗಬಹುದು, ಬೇರೆ ಕಾರಣವೂ ಇರಬಹುದು, ನಿಧಾನವಾಗಿ ಬದಲಿಸಿ ನೋಡೋಣ, ನೀವಾಗಿ ಮಾತ್ರ ನಿಲ್ಲಿಸಬೇಡಿ ಎಂದರು ಡಾಕ್ಟರು.

ಗಂಡ ನಿಲ್ಲಿಸಿಬಿಟ್ಟರು. ಅವು ಜೈನರು ಉಪವಾಸ, ವ್ರತ ಹಿಡಿಯುವ ಪರ್ಯೂಷಣದ ದಿನಗಳು. "ಈ ಸಲ ನಾನೂ ವ್ರತ ಹಿಡದೇನಿ, ರಾತ್ರಿ ಏನೂ ತಗೊಳ್ಳೂದಿಲ್ಲ" ಎಂದಾಗ ಮಗನಿಗೆ ಭಕ್ತಿ ಬಂತೆಂದು ಅತ್ತೆ ಹಿಗ್ಗಿದರು. ಗುಳಿಗೆಯನ್ನು ಸಂಜೆಯೇ ನುಂಗಿದ್ದೇನೆ ಎಂದದ್ದನ್ನು ಇಬ್ಬರೂ ನಂಬಿದೆವು. ಪರ್ವ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ, ಎಮ್ಮೆಯ ಕಾಲ ಬಳಿ ಗಂಡ ಫಿಟ್ಸ್ ಬಂದು ಬಿದ್ದರು. ಅತ್ತೆ ಎಮ್ಮೆಯನ್ನು ಆಚೆ ತಳ್ಳಿ, ಮಗನನ್ನು ಮಗ್ಗುಲಾಗಿ ತಿರುಗಿಸಿ, ತಲೆಯಡಿ ಸೆರಗು ಮಡಚಿಟ್ಟರು. ಈ ಸಲ ಅತ್ತೆಯ ಬೆರಳು ಅವರದೇ ಮುಷ್ಟಿಯೊಳಗಿತ್ತು. ಮಗನಿಗೆ ಪೂರ್ತಿ ಎಚ್ಚರವಾದ ಮೇಲೆ ಒಂದೇ ಮಾತು ಕೇಳಿದರು: "ಕೂಸಿನ ಆಸೇಕ ನನ್ನ ಕೂಸಿನ್ನ ಕೊಲ್ಲಾಕ ಹೊಂಟಿದ್ದೇನೋ?"

ಕೆಲವು ವಾರಗಳ ನಂತರ ಚಿಕ್ಕೋಡಿಯಲ್ಲಿ ಸಂಬಂಧಿಕರ ಮನೆಯ ಕುಬಸ, ಅಂದರೆ ಸೀಮಂತ. ಏಳು ತಿಂಗಳ ಬಸುರಿಯ ಪಕ್ಕ ಮಕ್ಕಳಿಲ್ಲದವಳನ್ನು ಕೂರಿಸಿ ಅವಳಿಗೂ ಉಡಿ ತುಂಬಿದರೆ ಫಲಿಸುತ್ತದೆಂಬ ನಂಬಿಕೆ. ಹಿರಿಯಳೊಬ್ಬಳು ನನ್ನ ರಟ್ಟೆ ಹಿಡಿದೆಳೆದಳು. "ಬಾರವಾ. ನಿನ್ನ ಉಡಿ ಎಷ್ಟ ತುಂಬಿದ್ರೂ ಸೋರತೈತಲಾ."

ಅತ್ತೆ ಎದ್ದು ನಿಂತರು. "ಸೋರೂದಿಲ್ಲ ಯಕ್ಕಾ. ಇಕೀದೆಲ್ಲಾ ಬರೋಬರ್ ಐತಿ. ನನ್ನ ಮಗಗ ಫಿಟ್ಸ್ ಬರ್ತಾವ, ಅದರ ಗುಳಿಗಿಂದ ಹಿಂಗ ಆಗಿರಬಹುದಂತ. ಉಡಿ ತುಂಬೂದಿದ್ರ ಅಂವಗ ತುಂಬ್ರಿ, ಹೊರಗ ಪೆಂಡಾಲದಾಗ ಕುಂತಾನ."

ಯಾರೋ ಕಿಸಕ್ಕೆಂದರು. ಬಸುರಿಯೂ ನಕ್ಕಳು. ನನ್ನ ರಟ್ಟೆಯ ಮೇಲಿನ ಹಿಡಿತ ಸಡಿಲಾಯಿತು. ಆಮೇಲೆ ಯಾರೂ ನನ್ನನ್ನು ಯಾವ ಬಸುರಿಯ ಪಕ್ಕಕ್ಕೂ ಎಳೆಯಲಿಲ್ಲ.

ಡಾಕ್ಟರು ಗುಳಿಗೆಯನ್ನು ಹಂತಹಂತವಾಗಿ ಬದಲಿಸಿದರು. ಮುಂದಿನ ತಪಾಸಣೆಯಲ್ಲಿ ಅಷ್ಟಿಷ್ಟು ಸುಧಾರಿಸಿತ್ತು. ಬಹಳ ಕಾಯಿಸಿ ಮಗಳು ಹುಟ್ಟಿದಳು; ಗುಳಿಗೆ ಬದಲಾದದ್ದರಿಂದಲೇ ಎಂದು ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಹಲ್ಲು ಬರುವಾಗ ಅವಳು ಕಚ್ಚುತ್ತಿದ್ದದ್ದು ಆ ಸೊಟ್ಟ ಬೆರಳನ್ನೇ. "ಕಚ್ಚು, ನಿಮ್ಮಪ್ಪನಕಿಂತ ನಿನ್ನ ಹಲ್ಲು ಮೆತ್ತಗ ಅದಾವ" ಎನ್ನುತ್ತಿದ್ದರು ಅತ್ತೆ. ಅವಳು ನಡೆಯಲು ಕಲಿಯುವ ಮುನ್ನವೇ ಅವರು ತೀರಿಕೊಂಡರು.

ಈಗ ನೀರು ಸೋಸಿ ಗುಳಿಗೆ ಕೊಡುವವಳು ನಾನು. ಅಂದು ಕುಬಸದಲ್ಲಿ ನನ್ನ ಮರ್ಯಾದೆ ಉಳಿಯಿತು. ಅದಕ್ಕೆ ಅತ್ತೆ ತೆತ್ತದ್ದು ಮಗನ ಗುಟ್ಟನ್ನು. ನನ್ನ ಋಣ ಅವರೊಬ್ಬರಿಗೇ ಸಲ್ಲಬೇಕೋ, ಇಬ್ಬರಿಗೋ ತಿಳಿಯದೆ ಮೊನ್ನೆ ಗಂಡನನ್ನು ಕೇಳಿಯೇಬಿಟ್ಟೆ. ಅವರು ಗುಳಿಗೆ ನುಂಗಿ ಲೋಟ ಹಿಂದಕ್ಕೆ ಕೊಟ್ಟರು. ನಾನು ಕೇಳಿದ್ದು ಇಷ್ಟೇ: "ಅವತ್ತ ಎಲ್ಲಾರ ಮುಂದ ಹೇಳೂ ಮೊದಲ, ಅತ್ತಿಯವ್ರು ನಿಮ್ಮನ್ನ ಕೇಳಿದ್ರೇನ್ರಿ?"